ದುರ್ಬಲ ಆಮ್ಲ

ನನ್ನ ಗಂಡ ಗಾಜಿನ ಮೇಲೆ ಚಿತ್ರ ಮಾಡುವ ಕೆಲಸದಲ್ಲಿದ್ದರು. ಸಕಲೇಶಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಅವರ ಅಂಗಡಿ. ಹೊಸ ಮನೆ ಕಟ್ಟಿಸುವವರು ಬಂದು ದೇವರ ಕೋಣೆಯ ಬಾಗಿಲಿಗೆ ಗಜಲಕ್ಷ್ಮಿ, ಹಾಲಿನ ಪಾರ್ಟಿಷನ್ನಿಗೆ ನವಿಲು ಎಂದು ಹೇಳಿ ಹೋಗುತ್ತಿದ್ದರು. ಗಾಜಿಗೆ ಅಂಟುಹಾಳೆ ಹಚ್ಚಿ, ಚಿತ್ರದ ಗೆರೆಗಳನ್ನಷ್ಟೇ ಬ್ಲೇಡಿನಿಂದ ಕತ್ತರಿಸಿ ತೆಗೆದು, ಆ ಜಾಗಕ್ಕೆ ಆಸಿಡ್ ಸವರಿದರೆ ಅಲ್ಲಿ ಮಾತ್ರ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನವಿಲಿನ ಕತ್ತಿನ ಸುತ್ತ ಅವರ ಬ್ಲೇಡು ಎಲ್ಲೂ ತಡೆಯದೆ ತಿರುಗುವುದನ್ನು ನೋಡಬೇಕು. ಆ ಕೈ ನೋಡಿಯೇ ಮದುವೆಗೆ ಒಪ್ಪಿದೆ ಎಂದರೂ ಸುಳ್ಳಲ್ಲ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿವರ್ಷ ಹ್ಯಾಲೋಜನ್‌ಗಳ ಪಾಠ ಬರುತ್ತದೆ. ಆಮ್ಲಜನಕ ಕಬ್ಬಿಣದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡರೆ ತುಕ್ಕು, ಕ್ಲೋರಿನ್ ಬಟ್ಟೆಯ ಬಣ್ಣದಿಂದ ಕಿತ್ತುಕೊಂಡರೆ ಬಿಳುಪು, ಆದರೆ ಫ್ಲೋರಿನ್ ಈ ಇಬ್ಬರಿಗೂ ಅಪ್ಪ, ನೀರಿನಿಂದ ಆಮ್ಲಜನಕವನ್ನೇ ಹೊರಗೆ ನೂಕಿ ಕೂರುತ್ತದೆ ಎಂದು ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಆಮೇಲೆ ಅದರ ಆಮ್ಲದ ವಿಚಾರ. ಗಾಜನ್ನು ತಿನ್ನುವುದು ಅದೇ, ಹೈಡ್ರೋಫ್ಲೋರಿಕ್ ಆಮ್ಲ. ಹಿಡಿದ ಹೈಡ್ರೋಜನ್ನನ್ನು ಫ್ಲೋರಿನ್ ಸುಲಭಕ್ಕೆ ಬಿಡುವುದಿಲ್ಲ. ಆಮ್ಲದ ಬಲವನ್ನು ಅಳೆಯುವುದು ಹೈಡ್ರೋಜನ್ ಬಿಟ್ಟುಕೊಡುವುದರಲ್ಲಿ, ಹಾಗಾಗಿ ಪುಸ್ತಕದ ಲೆಕ್ಕದಲ್ಲಿ ಅದು ದುರ್ಬಲ ಆಮ್ಲ. ಬೇರೆ ಆಮ್ಲ ಬಿದ್ದರೆ ಚರ್ಮ ಉರಿದು, ಮನುಷ್ಯ ಕಿರುಚಿಕೊಂಡು ನೀರಿಗೆ ಓಡುತ್ತಾನೆ. ಇದು ಬಿದ್ದದ್ದೇ ಗೊತ್ತಾಗದೆ ಇರಬಹುದು. ಸದ್ದಿಲ್ಲದೆ ಚರ್ಮದೊಳಗೆ ಇಳಿದು, ಮೂಳೆಯಲ್ಲೂ ರಕ್ತದಲ್ಲೂ ಇರುವ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಹೆಚ್ಚು ಬಿದ್ದರೆ ಹೃದಯವೇ ನಿಲ್ಲುತ್ತದೆ.

ಇದನ್ನೆಲ್ಲ ನಾನು ಮನೆಯಲ್ಲೂ ಹೇಳಿದ್ದೆ. ಗಂಡ ಬಳಸುತ್ತಿದ್ದದ್ದು ಲೇಬಲ್ ಇಲ್ಲದ ಬಿಳಿ ಕ್ಯಾನಿನ ಆಸಿಡ್, ಹಾಕಿಕೊಳ್ಳುತ್ತಿದ್ದದ್ದು ಪಾತ್ರೆ ತೊಳೆಯುವ ತೆಳು ಗ್ಲೌಸು. ದಪ್ಪ ಗ್ಲೌಸು ತರಿಸಿಕೊಟ್ಟೆ. ಅದನ್ನು ಹಾಕಿಕೊಂಡರೆ ಗೆರೆ ಕೈಗೆ ಸಿಕ್ಕುವುದಿಲ್ಲವಂತೆ. ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಎಂಬ ಮುಲಾಮೊಂದಿದೆ, ಹಚ್ಚಿದರೆ ಆಸಿಡ್ ಮೂಳೆ ಬಿಟ್ಟು ಅದರ ಕ್ಯಾಲ್ಸಿಯಮ್ಮನ್ನು ಹಿಡಿಯುತ್ತದೆ, ಅಂಗಡಿಯಲ್ಲಿ ಇಟ್ಟುಕೊಳ್ಳಿ ಎಂದು ಗೋಗರೆದೆ.

"ಸುಮ್ಕಿರೇ ಮಾರಾಯ್ತಿ. ಇಷ್ಟು ವರ್ಷದಿಂದ ಮಾಡ್ತಿದೀನಿ, ಏನಾಗೈತೆ? ನಿನ್ ಪಾಠನೆಲ್ಲ ಕಾಲೇಜಲ್ಲೇ ಇಟ್ಕೊ" ಎಂದರು.

ಊಟಕ್ಕೆ ಬಡಿಸುತ್ತಿದ್ದ ಅತ್ತೆ ಸೌಟು ಕೆಳಗಿಟ್ಟರು. "ದುಡಿಯೋಕೆ ಹೋಗೋ ಮಗನ ಮುಂದೆ ಕೈ ಹೋಗ್ತದೆ, ಎದೆ ನಿಲ್ತದೆ ಅಂತೆಲ್ಲ ನುಡಿಬ್ಯಾಡ ಕಣವ್ವ. ಅಸ್ತು ದೇವತೆಗಳು ಮನೆ ಮೇಲೆ ಓಡಾಡ್ತಿರ್ತವೆ. ಅಸ್ತು ಅಂದ್ಬುಟ್ರೆ ಮುಗೀತು."

ಅಲ್ಲಿಗೆ ನನ್ನ ಬಾಯಿ ಮುಚ್ಚಿತು ಎಂದು ಅವರು ತಿಳಿದರು. ನಾನು ಮುಚ್ಚಲಿಲ್ಲ, ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅದು ಮನೆಯಲ್ಲಿ ಒಂದು ಜಗಳವಾಯಿತೇ ಹೊರತು ಎಚ್ಚರಿಕೆಯಾಗಲಿಲ್ಲ.

ವನಗೂರಿನ ಕಡೆ ಒಬ್ಬ ಪ್ಲಾಂಟರ್ ಹೊಸ ಬಂಗಲೆ ಕಟ್ಟಿಸಿದ್ದರು. ಮುಂಬಾಗಿಲ ಎರಡೂ ಪಕ್ಕದ ದೊಡ್ಡ ಗಾಜಿಗೆ ಹೂ ಬಿಟ್ಟ ಕಾಫಿ ಗಿಡ ಬೇಕು, ಹೂವಿನ ಮೇಲೆ ಜೇನು ಕೂತಿರಬೇಕು. ಗಾಜನ್ನು ಆಗಲೇ ಚೌಕಟ್ಟಿಗೆ ಕೂರಿಸಿಬಿಟ್ಟಿದ್ದರು, ಗೃಹಪ್ರವೇಶ ಹತ್ತಿರದಲ್ಲಿತ್ತು. ನಿಲ್ಲಿಸಿದ ಗಾಜಿಗೆ ಆಸಿಡ್ ಹಚ್ಚಿದರೆ ಇಳಿಯುತ್ತದೆ, ಬಿಚ್ಚಿಸಿ ಮಲಗಿಸಿಕೊಡಿ ಎಂದು ಗಂಡ ಫೋನಿನಲ್ಲಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಅದೆಲ್ಲ ಆಗುವುದಿಲ್ಲ, ನಿನ್ನ ಕೈಲಿ ಆಗದಿದ್ದರೆ ಹೇಳು, ಮಂಗಳೂರಿನಿಂದ ಬೇರೆಯವರನ್ನು ಕರೆಸುತ್ತೇನೆ ಎಂದರಂತೆ. ಗಂಡ ಜೀಪು ಹತ್ತಿದರು.

ಆ ದಿನ ಕೆಲಸ ಮುಗಿಸಿ ಸಂಜೆಗೆ ಮುಂಚೆಯೇ ಮನೆಗೆ ಬಂದರು. ಖುಷಿಯಲ್ಲಿದ್ದರು. ಮೊಬೈಲಿನಲ್ಲಿ ಬಾಗಿಲಿನ ಚಿತ್ರ ತೋರಿಸಿದರು. ನಿಜಕ್ಕೂ ಚೆನ್ನಾಗಿತ್ತು, ಜೇನಿನ ರೆಕ್ಕೆಯ ಎಳೆಗಳೂ ಕಾಣುತ್ತಿದ್ದವು. ಕಾಫಿ ಲೋಟ ಹಿಡಿದವರು ಅದನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಕೊಡವಿದರು.

"ಏನಾಯ್ತು?"

"ಏನಿಲ್ಲ. ಮಧ್ಯಾಹ್ನ ಗ್ಲೌಸ್ ಒಳಗೆ ಸ್ವಲ್ಪ ಇಳಿದಿತ್ತು. ಆಗ್ಲೇ ತೊಳ್ಕಂಡೆ. ಉರೀಲೂ ಇಲ್ಲ. ಈಗ ಬೆರಳ ಒಳಗೆ ಯಾರೋ ಜಗ್ಗಿದಂಗೆ ಆಗ್ತೈತೆ."

ಬೆರಳು ನೋಡಿದೆ. ತೋರುಬೆರಳು, ನಡುಬೆರಳು ತುದಿಯಲ್ಲಿ ಸ್ವಲ್ಪ ಬಿಳಿಚಿಕೊಂಡಿದ್ದವು. ಅಷ್ಟೇ. ಯಾರಿಗೆ ತೋರಿಸಿದರೂ ನೀರಲ್ಲಿ ನೆನೆದ ಬೆರಳು ಎನ್ನುತ್ತಿದ್ದರು. ನಾನು ತಕ್ಷಣ ನಲ್ಲಿ ತಿರುಗಿಸಿ ಕೈ ಹಿಡಿಸಿದೆ. ಅತ್ತೆಯ ಮಂಡಿನೋವಿಗೆ ತಂದಿದ್ದ ಕ್ಯಾಲ್ಸಿಯಂ ಮಾತ್ರೆಗಳನ್ನೆಲ್ಲ ಕುಟ್ಟಾಣಿಗೆ ಸುರಿದು ಪುಡಿ ಮಾಡಿ, ಲೋಳೆಸರದ ಜೆಲ್ಲಿನಲ್ಲಿ ಕಲಸಿ ಬೆರಳಿಗೆ ಮೆತ್ತಿ, ಮೇಲೆ ಗ್ಲೌಸು ತೊಡಿಸಿದೆ. ಅತ್ತೆ ಬಾಗಿಲಲ್ಲಿ ನಿಂತು, "ನನ್ ಮಾತ್ರೆನೆಲ್ಲ ಅರೆದು ಹಾಕ್ಬುಟ್ಳಲ್ಲ, ಏನಾಗೈತೆ ಇವಳಿಗೆ" ಎನ್ನುತ್ತಿದ್ದರು. ಪಕ್ಕದ ಮನೆಯವರ ಕಾರಿನಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗುವಷ್ಟರಲ್ಲಿ ಗಂಡ ನೋವಿಗೆ ಸೀಟನ್ನು ಕಚ್ಚುತ್ತಿದ್ದರು.

ಅಲ್ಲಿದ್ದ ಡಾಕ್ಟರು ನಾನು ಮೆತ್ತಿದ್ದನ್ನು ತೊಳೆಸಿದರು. ಬೆರಳು ತಿರುಗಿಸಿ ನೋಡಿದರು. "ಗುಳ್ಳೆ ಇಲ್ಲ, ಸುಟ್ಟ ಗಾಯ ಇಲ್ಲ. ಇಷ್ಟಕ್ಕೆ ಯಾಕ್ರೀ ಹಿಂಗ್ ಕೂಗ್ತೀರಿ?"

"ಸರ್, ಇದು ಹೈಡ್ರೋಫ್ಲೋರಿಕ್ ಆಸಿಡ್. ಮೇಲೆ ಕಾಣಲ್ಲ. ಕ್ಯಾಲ್ಸಿಯಂ ಗ್ಲೂಕೊನೇಟ್ ಕೊಡಬೇಕು. ಇಲ್ಲ ಅಂದ್ರೆ ಹಾಸನಕ್ಕೆ ಬರೆದುಕೊಡಿ."

"ನೀವು ಡಾಕ್ಟ್ರಾ?"

"ಕೆಮಿಸ್ಟ್ರಿ ಲೆಕ್ಚರರ್."

ಅವರು ಮೊಬೈಲ್ ತೆಗೆದು ಏನನ್ನೋ ಹುಡುಕಿದರು. ಪರದೆಯನ್ನು ನನ್ನತ್ತ ತಿರುಗಿಸಿ ನಕ್ಕರು. "ನೋಡಿ ಮೇಡಂ, ಇಲ್ಲೇ ಇದೆಯಲ್ಲ. ವೀಕ್ ಆಸಿಡ್ ಅಂತೆ."

ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ವೀಕ್ ಅಂದರೆ ಏನು ಎಂದು ಅಲ್ಲೇ ನಿಂತು ಹೇಳಲು ಹೊರಟೆ. ಗಂಡನೇ ನೋವಿನ ನಡುವೆ, "ಡಾಕ್ಟ್ರಿಗೆ ಹೇಳ್ಕೊಡೋಕೆ ಹೋಗ್ಬ್ಯಾಡ, ಅವ್ರ್ ಹೇಳ್ದಂಗೆ ಕೇಳು" ಎಂದು ರೇಗಿದರು. ಡಾಕ್ಟರು ಬೆರಳಿಗೆ ಬ್ಯಾಂಡೇಜು ಸುತ್ತಿ, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಬೆಳಗ್ಗೆ ಬ್ಯಾಂಡೇಜು ಬಿಚ್ಚಿದಾಗ ಎರಡು ಉಗುರುಗಳೂ ಸೀಸದ ಬಣ್ಣಕ್ಕೆ ತಿರುಗಿದ್ದವು. ಅದೇ ಡಾಕ್ಟರು ನನ್ನ ಮುಖ ನೋಡದೆ ಹಾಸನಕ್ಕೆ ಬರೆದುಕೊಟ್ಟರು.

ಹಾಸನದ ವೈದ್ಯೆಗೆ ಆಸಿಡ್ಡಿನ ಹೆಸರು ಹೇಳಿದ್ದೇ ತಡ, ಬೆರಳುಗಳಿಗೆ ಕ್ಯಾಲ್ಸಿಯಂ ಇಂಜೆಕ್ಷನ್ ಶುರುಮಾಡಿದರು, ಎದೆಗೆ ಇಸಿಜಿ ತಂತಿ ಹಚ್ಚಿದರು. "ನಿನ್ನೆ ಸಂಜೆಯೇ ಯಾಕೆ ಬರಲಿಲ್ಲ?" ಎಂದು ಕೇಳಿದರು. ನರ್ಸಿಂಗ್ ಹೋಮಿನ ಚೀಟಿಯನ್ನು ಅವರ ಮುಂದಿಟ್ಟೆ. ಹೃದಯಕ್ಕೆ ಏನೂ ಆಗಲಿಲ್ಲ. ಆದರೆ ತೋರುಬೆರಳನ್ನೂ ನಡುಬೆರಳನ್ನೂ ಎರಡನೆಯ ಗೆಣ್ಣಿನವರೆಗೆ ತೆಗೆಯಬೇಕಾಯಿತು.

ಪ್ಲಾಂಟರ್ ಒಂದು ಬುಟ್ಟಿ ಕಿತ್ತಳೆ ಹಿಡಿದುಕೊಂಡು ನೋಡಲು ಬಂದಿದ್ದರು. "ಆಸಿಡ್ ಹಾಕು ಅಂತ ನಾನೇನು ಹೇಳಿದ್ನೇನಮ್ಮ? ಅವನ ಕೆಲಸ, ಅವನಿಗೆ ಗೊತ್ತಿರ್ಬೇಕು" ಎಂದರು. ಗಾಜು ಬಿಚ್ಚಿಸಿಕೊಡಿ ಎಂದು ಇವರು ಕೇಳಿದ್ದು ನೆನಪಿದೆಯೇ ಎಂದೆ. ಅವರು ಎದ್ದು ನಿಂತು, ಗೃಹಪ್ರವೇಶಕ್ಕೆ ಬಂದವರೆಲ್ಲ ಆ ಬಾಗಿಲಿನ ಮುಂದೆಯೇ ಫೋಟೊ ತೆಗೆಸಿಕೊಂಡರು ಎಂದು ಗಂಡನಿಗೆ ಹೇಳಿದರು. ಗಂಡನ ಮುಖ ಅರಳಿತು. ಅದನ್ನು ನೋಡಲಾರದೆ ನಾನು ವಾರ್ಡಿನಿಂದ ಹೊರಗೆ ಬಂದೆ.

ಈಗ ಅಂಗಡಿಯಲ್ಲಿ ಆಸಿಡ್ ಇಲ್ಲ. ಮಂಜಿನ ಬಣ್ಣದ ಪ್ಲಾಸ್ಟಿಕ್ ಹಾಳೆಗಳು ಬರುತ್ತವೆ, ಕಂಪ್ಯೂಟರ್ ಕತ್ತರಿಸಿಕೊಡುತ್ತದೆ, ಗಾಜಿಗೆ ಅಂಟಿಸಿದರಾಯಿತು. ಎಲ್ಲ ಮನೆಯ ನವಿಲೂ ಒಂದೇ ನವಿಲು. ಗಂಡ ಬ್ಲೇಡನ್ನು ಎಡಗೈಯಲ್ಲಿ ಹಿಡಿದು ಕೆಲವು ದಿನ ನೋಡಿದರು, ಆಮೇಲೆ ಬಿಟ್ಟರು.

ಕಳೆದ ವರ್ಷ ಮಾವನ ತಿಥಿಗೆ ಆಲೂರು, ಕೆ. ಹೊಸಕೋಟೆ ಕಡೆಯ ನೆಂಟರೆಲ್ಲ ಸೇರಿದ್ದರು. ಗಂಡ ಚಮಚದಲ್ಲಿ ಊಟ ಮಾಡುವುದನ್ನು ನೋಡಿ ಅವರ ದೊಡ್ಡಮ್ಮ ಕಣ್ಣೊರೆಸಿಕೊಂಡರು. ಅತ್ತೆ ಪಂಕ್ತಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಏನ್ ಮಾಡೋದಕ್ಕ, ಮನೇಲಿ ಹಗಲೂ ರಾತ್ರಿ ಕೈ ಹೋಗ್ತದೆ ಕೈ ಹೋಗ್ತದೆ ಅಂತಿದ್ರೆ ಇನ್ನೇನಾಗ್ತದೆ" ಎಂದರು. ತಲೆಗಳು ನನ್ನತ್ತ ತಿರುಗಿದವು. ನಾನು ಗಂಡನನ್ನು ನೋಡಿದೆ. ಅವರು ಎಲೆಯ ಮೇಲಿನ ಪಾಯಸವನ್ನು ನೋಡುತ್ತಿದ್ದರು.

ನೆಂಟರು ಹೋದ ಮೇಲೆ ಹಿತ್ತಲಲ್ಲಿ ಕೇಳಿದೆ: "ನಾನು ಹೇಳಿದ್ದು ನಿಮ್ಮ ಒಳ್ಳೇದಕ್ಕೆ, ನೀವು ಕೇಳಲಿಲ್ಲ ಅಂತ ಒಂದೇ ಒಂದ್ಸಲ ಅತ್ತೆ ಮುಂದೆ ಹೇಳ್ತೀರಾ?"

"ಹೇಳಿದ್ರೆ ಬೆರಳು ಬರ್ತಾವಾ?" ಎಂದರು. "ಗ್ರಾಚಾರ ಕಣೇ. ಇರ್ಲಿ ಬಿಡು."

ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ತಿಥಿಯ ಹಂಡೆಗಳು ತೊಳೆಯಲು ಬಿದ್ದಿದ್ದವು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ.