ಬೆಸುಗೆಯ ಮೇಲೆ ಪೇಪರ್ ಇಡಬಾರದು

ಕಾರಿನ ಅಲ್ಯೂಮಿನಿಯಂ ರಿಮ್ಮಿಗೆ ಹೊಳಪು ತರುವುದು ಸೊಂಟ ಮುರಿಯುವ ಕೆಲಸ. ಮೊದಲು ಒರಟು ಸ್ಯಾಂಡ್ ಪೇಪರ್, ಆಮೇಲೆ ಅದಕ್ಕಿಂತ ನಯವಾದದ್ದು, ಆಮೇಲೆ ನೀರು ಚಿಮುಕಿಸಿ ಉಜ್ಜುವ ವಾಟರ್ ಪೇಪರ್, ಕೊನೆಗೆ ಬಟ್ಟೆಯ ಚಕ್ರಕ್ಕೆ ಪಾಲಿಶ್ ಸೋಪು ತಾಗಿಸಿ ಬಫಿಂಗ್. ಒಂದು ಹಂತ ಹಾರಿಸಿದಿರೋ, ಹಿಂದಿನ ಗೀರು ಹೊಳಪಿನೊಳಗಿಂದಲೇ ಹಲ್ಲು ಕಿರಿಯುತ್ತದೆ. ಸಂಜೆ ಮನೆಗೆ ಹೋಗಿ ಮೂಗು ಸೀನಿದರೆ ಕರ್ಚೀಫೆಲ್ಲ ಕಪ್ಪು. ಆದರೂ ನನಗೆ ಈ ಕೆಲಸದ ಹುಚ್ಚು. ಪೀಣ್ಯದ ಆ ಶೆಡ್ಡಿನಲ್ಲಿ ಬಫ್ ಮಿಷನ್ ಮುಂದೆ ನಿಲ್ಲುತ್ತಿದ್ದವರು ಇಬ್ಬರೇ, ನಾನು ಮತ್ತು ನನಗೆ ಕಲಿಸಿದ ಶೆಡ್ಡಿನ ಯಜಮಾನ.

ಅವನನ್ನು ಅಣ್ಣ ಎನ್ನುತ್ತಿದ್ದೆ. ಬಾಯಿಮಾತಿಗಲ್ಲ. ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಗೆ ಬಂದು ನನ್ನ ಕೈಯಡುಗೆ ಉಂಡವನು, ಗೌರಿಹಬ್ಬಕ್ಕೆ ತವರಿನವರ ಹಾಗೆ ಸೀರೆ ತಂದುಕೊಟ್ಟವನು. ಈಗ ಅವನಿಗೆ ಬಹುವಚನ ಕೊಡಲು ನನ್ನ ನಾಲಿಗೆ ಒಪ್ಪುವುದಿಲ್ಲ, ಯಾರು ಏನೆಂದುಕೊಂಡರೂ ಸರಿ.

ಅವನು ಕಲಿಸಿದ ಮೊದಲ ಪಾಠ ಇದು. ಬಿರುಕು ಬಿಟ್ಟ ರಿಮ್ಮಿಗೆ ಒಳಗಡೆ ವೆಲ್ಡಿಂಗ್ ಮಾಡಿಸಿರುತ್ತಾರೆ. ಮುಖಕ್ಕೆ ಎಷ್ಟು ಬೇಕಾದರೂ ಹೊಳಪು ಕೊಡಬಹುದು, ಒಳಗಿನ ಬೆಸುಗೆಯನ್ನು ಮಾತ್ರ ಉಬ್ಬಿದ ಹಾಗೇ ಬಿಡಬೇಕು. ಟೈರ್ ಹಾಕುವವನ ಬೆರಳಿಗೆ ಅದು ಸಿಕ್ಕರೆ, ಆ ರಿಮ್ಮನ್ನು ಸ್ಟೆಪ್ನಿಗೆ ಇಡುತ್ತಾನೆ, ದಿನಾ ಓಡುವ ಗಾಲಿಗೆ ಹಾಕುವುದಿಲ್ಲ. “ಬೆಸುಗೆ ಮೇಲೆ ಪೇಪರ್ ಇಟ್ರೆ ಒಬ್ರ ಪ್ರಾಣದ ಮೇಲೆ ಇಟ್ಟಂಗೆ ಕಣಮ್ಮಾ” ಎಂದಿದ್ದ. ಮುಖದಲ್ಲಿ ಎಂಥ ಗಾಂಭೀರ್ಯ ಆಗ! ನಾನು ದೇವರ ಮಾತಿನಂತೆ ನಂಬಿದೆ.

ಹೋದ ದಸರೆಗೆ ಮುಂಚೆ ನಾಲ್ಕು ಹಳೇ ರಿಮ್ ಬಂದವು. ಒಂದರ ಒಳಗೆ ಬೆರಳುದ್ದದ ಬೆಸುಗೆ. ಅದೇ ರಿಮ್ಮಿನ ಮುಖದ ಮೇಲೆ ಅಚ್ಚಿನಲ್ಲೇ ಬಂದ, ಅಕ್ಕಿಕಾಳಿನಷ್ಟು ಕುಳಿಯೊಂದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಅದರ ಜೊತೆ ಜಗಳವಾಡಿ ಸೋತೆ. ಬೆಸುಗೆಯನ್ನು ಮುಟ್ಟಲಿಲ್ಲ. “ಅಣ್ಣ, ಇದು ಸ್ಟೆಪ್ನಿಗೆ” ಎಂದು ಅವನ ಕೈಗೇ ಕೊಟ್ಟೆ. “ಗೊತ್ತು ಬಿಡಮ್ಮಾ” ಎಂದ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ತಮ್ಮ ಶೆಡ್ ಮುಂದೆ ಕಾರು ನಿಲ್ಲಿಸಿ ಹಾರ್ನ್ ಬಾರಿಸಿದ. ಚಂದಾಪುರದಲ್ಲಿರುತ್ತಾನೆ, ಸ್ವಂತ ಕ್ಯಾಬ್ ಓಡಿಸುತ್ತಾನೆ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ಅವಳ ತೊಡೆಯ ಮೇಲೆ ನಿದ್ದೆ ಹೋದ ಕೂಸು.

“ಅಕ್ಕ, ವೀಲ್ ನೋಡೇ! ಸಕ್ಕತ್ತಾಗಿಲ್ವಾ? ನಿಮ್ಮಣ್ಣನೇ ಹಾಕಿಸ್ಕೊಟ್ರು. ಹಬ್ಬದಿಂದ ಇದ್ರಲ್ಲೇ ಓಡಿಸ್ತಿದೀನಿ.”

ಹೊಳಪು ನನ್ನದೇ, ನೋಡಿದ ತಕ್ಷಣ ಗೊತ್ತಾಯಿತು. ಹಿಗ್ಗಿ ಹತ್ತಿರ ಹೋದೆ. ಮುಂದಿನ ಎಡಗಾಲಿಯ ಮೇಲೆ ಆ ಅಕ್ಕಿಕಾಳಿನ ಕುಳಿ ಕಂಡಿತು. ಕಡ್ಡಿಗಳ ನಡುವೆ ಕೈ ತೂರಿಸಿ ಒಳಗೆ ಬೆಸುಗೆ ಹುಡುಕಿದೆ. ಇರಲಿಲ್ಲ. ರಿಮ್ಮಿನ ಒಳಮೈ ಯಾವಾಗಲೂ ಒರಟು, ಯಾರೂ ನೋಡದ ಜಾಗಕ್ಕೆ ಯಾರೂ ಪಾಲಿಶ್ ಮಾಡುವುದಿಲ್ಲ. ಇಲ್ಲಿ ಮಾತ್ರ ಅಂಗೈಯಗಲ ಜಾಗ ಕೂಸಿನ ಕೆನ್ನೆಯಷ್ಟು ನುಣ್ಣಗಿತ್ತು.

“ಮಗೂನ ಎತ್ಕೊಂಡು ಕೆಳಗಿಳಿಯಮ್ಮ” ಎಂದೆ ನಾದಿನಿಗೆ. ತಮ್ಮ ಏನೇನೋ ಕೇಳುತ್ತಿದ್ದ, ಉತ್ತರ ಕೊಡದೆ ಜಾಕಿ ಹಾಕಿ ಗಾಲಿ ಬಿಚ್ಚಿದೆ. ಒಳಮೈಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದೆ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯನ್ನು ನೆನೆಸುತ್ತದೆ. ಈ ವಿದ್ಯೆಯೂ ಯಜಮಾನನೇ ಕಲಿಸಿದ್ದು. ಏನೂ ಕಾಣದಿರಲಿ ಎಂದು ಮನೆದೇವರನ್ನು ಬೇಡಿಕೊಂಡೆ. ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು, ನೋಡನೋಡುತ್ತ ಬೆರಳುದ್ದವಾಯಿತು. ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಮೇಲೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಇದೇ ಗಾಲಿಯ ಮೇಲೆ ತಮ್ಮ ಬಂದಿದ್ದಾನಲ್ಲ!

ಅಷ್ಟರಲ್ಲಿ ಯಜಮಾನ ಊಟ ಮುಗಿಸಿ ಬಂದ. ಗೆರೆ ನೋಡಿದ, ನನ್ನನ್ನು ನೋಡಿದ.

“ಅಯ್ಯಯ್ಯೋ, ಇದನ್ನ ಬೇರೆ ಗಿರಾಕಿಗೆ ಅಂತ ಇಟ್ಟಿದ್ದೆ. ಟೈರ್ ಅಂಗಡಿಯವ್ರು ಅದಲು ಬದಲು ಮಾಡ್ಬಿಟ್ಟವ್ರೆ. ನಿನ್ ತಮ್ಮಂಗೆ ಹೋಗಿದೆ ಅಂತ ನಂಗೇನ್ ಗೊತ್ತಮ್ಮಾ?”

ಬೇರೆ ಗಿರಾಕಿಯ ಮನೆಯಲ್ಲಿ ಮಕ್ಕಳಿರುವುದಿಲ್ಲವೇ? ಥೂ! ಆದರೂ, ಹೇಳಲು ನಾಚಿಕೆ, ಒಂದು ಕ್ಷಣ ಅವನನ್ನು ನಂಬಿಬಿಡಬೇಕು ಅನಿಸಿತು. ಅಷ್ಟು ವರ್ಷ ಅಣ್ಣ ಎಂದ ಬಾಯಿ ನನ್ನದು.

ತಮ್ಮ ಪಾಪ, ಇನ್ನೂ ಅರ್ಥವಾಗದೆ ನಿಂತಿದ್ದ. “ನೀವೇ ಅಲ್ವಾ ಅಣ್ಣ, ಅಂಗಡೀಲಿ ಪಕ್ಕದಲ್ಲೇ ನಿಂತು ಹಾಕಿಸಿದ್ದು? ಈ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟಿದ್ದೂ ನೀವೇ. ಅಕ್ಕಂಗೆ ಹೇಳ್ಬೇಡ ಅಂದ್ರಿ, ನಂಗೇ ತಡ್ಯಕ್ಕಾಗ್ಲಿಲ್ಲ.”

ಯಜಮಾನ ಹೆಗಲ ಮೇಲಿದ್ದ ಬಟ್ಟೆ ತೆಗೆದು, ಬಗ್ಗಿ ಆ ಗೆರೆಯನ್ನು ಒರೆಸಲು ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ.

“ಒರೆಸ್ಬೇಡಿ. ನೀವು ಒರೆಸಿದ್ದು ಸಾಕು.”