ಒಂದು ಲೀಟರಿಗೆ ಹತ್ತು

ನಮ್ಮ ಯಜಮಾನರು ಆ ಕಾರು ತಂದಾಗ ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ಪೋರ್ತುಗೀಜರ ಕಾಲಕ್ಕೆ ಗೋವಾದಲ್ಲಿ ಹಡಗಿನಿಂದ ಇಳಿದ ಪರದೇಶದ ಗಾಡಿ ಅದು. ನಾಲ್ಕು ಬಾಗಿಲು, ಉದ್ದ ಮೂಗು, ನೆಲಕ್ಕೆ ಹತ್ತಿದಂಥ ಮೈ, ಆರು ಸಿಲಿಂಡರಿನ ಇಂಜಿನ್ನು. ತೀರ ದೊಡ್ಡದಲ್ಲ, ಸಣ್ಣದೂ ಅಲ್ಲ. ಜೋರಾಗಿ ಓಡಲಿಕ್ಕೆಂದೇ ಮಾಡಿದ್ದು. ಬೆಳಗಾವಿಯಲ್ಲಿ ಎರಡು ಕೈ ಬದಲಾಗಿ, ಬಣ್ಣ ಮಾಸಿ, ಬೈಲಹೊಂಗಲದ ನಮ್ಮ ಬಾಗಿಲಿಗೆ ಬಂದು ನಿಂತಿತು.

ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುವುದು ಅವರ ಯೋಚನೆ. ಮೊದಲ ವರ್ಷಗಳು ಚೆನ್ನಾಗಿಯೇ ಹೋದವು. ರಾಮದುರ್ಗದಿಂದ ಯಾರಾದರೂ ರೋಗಿಯನ್ನು ಬೆಳಗಾವಿಗೆ ಒಯ್ಯಬೇಕಾದರೆ, ಸವದತ್ತಿಯ ವಕೀಲರಿಗೆ ಕೋರ್ಟಿನ ಹೊತ್ತು ಮೀರುತ್ತಿದ್ದರೆ, ಮೊದಲು ಇವರನ್ನೇ ಹುಡುಕಿ ಬರುತ್ತಿದ್ದರು. ಹೋಗಿ ಬಂದ ಮೇಲೆ ಇವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಎತ್ತಿನ ಮೈ ಸವರಿದಂತೆ ಸವರುತ್ತಿದ್ದರು.

ಮಾವನವರಿಗೆ ಮಾತ್ರ ಅದು ಸೇರಲಿಲ್ಲ. ಅವರದು ಪೌರೋಹಿತ್ಯ. ಮಗ ಮಂತ್ರ ಬಿಟ್ಟು ಸ್ಟಿಯರಿಂಗು ಹಿಡಿದದ್ದನ್ನು ಅವರು ಬಾಯಿಬಿಟ್ಟು ಬೈಯಲಿಲ್ಲ, ಆದರೆ ಒಮ್ಮೆಯೂ ಆ ಕಾರಿನಲ್ಲಿ ಕೂಡಲಿಲ್ಲ. ಮುರಗೋಡಕ್ಕೆ ಶ್ರಾದ್ಧ ಮಾಡಿಸಲು ಹೋಗುವಾಗಲೂ ಬಸ್ಸಿನ ದಾರಿ ಕಾಯುತ್ತಿದ್ದರು. ಕೈಯಲ್ಲಿ ತಾಮ್ರದ ತಂಬಿಗೆ, ಅದರಲ್ಲಿ ಮನೆಯ ನೀರು. ಹೊರಗಿನವರ ಮನೆಯಲ್ಲಿ ಅವರು ಹನಿ ನೀರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅರಬರ ಕಡೆ ಯುದ್ಧವಾಗಿ ಪೆಟ್ರೋಲಿನ ದರ ಏರಿದ್ದು ಆಮೇಲೆ. ನಮಗೆ ಆ ಯುದ್ಧ ಎಲ್ಲಿ ನಡೆಯಿತೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದದ್ದು ಬಾಗಿಲಿಗೆ ಬರುವವರು ಕಡಿಮೆಯಾದಾಗ. ಎಂ.ಕೆ. ಹುಬ್ಬಳ್ಳಿ ಕಡೆಯ ಒಬ್ಬ ಕಬ್ಬು ಸಾಗಿಸುವ ಗುತ್ತಿಗೆದಾರ ಮಾತ್ರ ಒಂದು ದಿನ ಬಂದು ಗಾಡಿಯ ಸುತ್ತ ತಿರುಗಿದ. ಅವನಿಗೆ ತಿಂಗಳ ಬಾಡಿಗೆಗೆ ಒಂದು ಕಾರು ಬೇಕಿತ್ತು.

"ಲೀಟರಿಗೆ ಎಷ್ಟ ಕೊಡತೈತ್ರಿ?" ಎಂದ.

"ಏಳು," ಎಂದರು ಇವರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ.

"ಹತ್ತ ಕೊಟ್ರ ನಾ ಇಟ್ಕೊಂತೇನಿ. ಇಲ್ಲಂದ್ರ ಇದರ ಮುಂದ ಏನ ಐತ್ರಿ? ಗುಜರಿ ಅಷ್ಟ."

ಆ ಮಾತು ಇವರ ಎದೆಗೆ ನಾಟಿತು. ಮರುದಿನದಿಂದ ಅವರು ಬೇರೆಯೇ ಮನುಷ್ಯರಾದರು. ಕಾರ್ಬೋರೇಟರ್ ಬಿಚ್ಚುವುದು, ತೊಳೆಯುವುದು, ಜೋಡಿಸುವುದು. ಒಂದು ಲೀಟರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ, ಅದಕ್ಕೊಂದು ರಬ್ಬರ್ ಕೊಳವೆ ಹಾಕಿ, ಕಿಟಕಿಯಿಂದ ಇಂಜಿನ್ನಿಗೆ ಬಿಡುತ್ತಿದ್ದರು. ಬಾಟಲಿಯನ್ನು ಎತ್ತಿ ಹಿಡಿದು ಕೂಡುವ ಕೆಲಸ ನನ್ನದು. ಬೆಳಿಗ್ಗೆ ಮುರಗೋಡದ ದಾರಿ ಹಿಡಿದು, ಗಾಡಿ ತಾನಾಗಿ ನಿಲ್ಲುವವರೆಗೆ ಹೋಗಿ, ಎಷ್ಟು ಕಿಲೋಮೀಟರಿನ ಕಲ್ಲು ದಾಟಿದವೆಂದು ನೋಡುವುದು. ಪೆಟ್ರೋಲಿನ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು. ಎಂಟು ಕಲ್ಲು ಬಂತು. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದರೆ ಒಂಬತ್ತು. ಗಾಲಿಗೆ ಗಾಳಿ ಹೆಚ್ಚು ತುಂಬಿದರೆ ಹಗುರಾಗಿ ಉರುಳುತ್ತದೆಂದು ಯಾರೋ ಹೇಳಿದರು, ಅದನ್ನೂ ಮಾಡಿದರು. ಟಾಯರುಗಳು ಹಳೆಯವು. ಆ ಅಳತೆಯವು ನಮ್ಮ ಕಡೆ ಸಿಗುತ್ತಲೂ ಇರಲಿಲ್ಲ.

ಒಂಬತ್ತರ ಮೇಲೆ ಏರಲಿಲ್ಲ. ಊಟಕ್ಕೆ ಕೂತವರು ರೊಟ್ಟಿ ಮುರಿದಿಟ್ಟು ತಿನ್ನದೆ ಏಳುತ್ತಿದ್ದರು. ಅದನ್ನು ನೋಡಲಾರದೆ ಒಂದು ದಿನ ನಾನೇ ಹೇಳಿದೆ: "ಹಿಂದ ಆ ಸ್ಟೆಪ್ನಿ, ಜಾಕು, ಪಂಪು, ಎಲ್ಲಾ ಎಷ್ಟ ಭಾರ ಅವ. ದಿನಾ ಯಾಕ ಹೊತ್ಕೊಂಡ ತಿರಗತೀರಿ? ಇಳಸಿಬಿಡ್ರಿ."

ಅವರು ನನ್ನ ಮುಖ ನೋಡಿದರು. ಅದೇ ಮಧ್ಯಾಹ್ನ ಎಲ್ಲವನ್ನೂ ಇಳಿಸಿ ಹಿತ್ತಲ ಗೋಡೆಗೆ ಒರಗಿಸಿದರು. ಮರುದಿನ ಗಾಡಿ ಹತ್ತನೆಯ ಕಲ್ಲು ದಾಟಿ ಒಂದಿಷ್ಟು ಮುಂದೆ ಹೋಗಿ ನಿಂತಿತು. ಜೋಳದ ಹೊಲದ ಬದುವಿನಲ್ಲಿ ಇಳಿದು ಅವರು ನಕ್ಕರು. ನಾನೂ ನಕ್ಕೆ.

ಅದಾಗಿ ನಾಲ್ಕೈದು ದಿನಕ್ಕೆ, ಬೆಳಗಿನ ಪೂಜೆ ಮುಗಿಸಿ ಎದ್ದ ಮಾವನವರು ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿದರು. ಮೈಯೆಲ್ಲ ಬೆವರು. ಓಣಿಯ ಡಾಕ್ಟರು ಬಂದು ನೋಡಿ, "ಧಾರವಾಡಕ್ಕ ಒಯ್ರಿ, ತಡ ಮಾಡಬ್ಯಾಡ್ರಿ," ಎಂದರು. ಅಂದು ಮೊದಲ ಬಾರಿ ಮಾವನವರು ಮಗನ ಕಾರಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅವರ ತಲೆ. ಅವಸರದಲ್ಲಿ ತಂಬಿಗೆ ಮನೆಯಲ್ಲೇ ಉಳಿಯಿತು.

ಕಿತ್ತೂರಿನ ಮೇಲೆ ಹಾಯ್ದು ಹೋಗುವುದೆಂದು ಇವರು ಗಾಡಿಯನ್ನು ಬಿಟ್ಟರು. ಅಷ್ಟು ಜೋರಾಗಿ ಅದು ಓಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಮಾವನವರು ಕಣ್ಣು ತೆರೆದು, "ಭಾಳ ಹಗರ ಹೋಗ್ತದ ಅಲ್ಲಾ," ಎಂದರು. ಇವರು ಕನ್ನಡಿಯಲ್ಲಿ ತಂದೆಯ ಮುಖ ನೋಡಿದರು. ಸ್ವಲ್ಪ ದೂರ ಹೋಗಿರಬೇಕು, ಬಂದೂಕು ಹೊಡೆದಂತೆ ಸದ್ದಾಯಿತು. ಗಾಡಿ ಹೊಯ್ದಾಡಿ ರಸ್ತೆಯಿಂದಿಳಿದು ಎರೆಮಣ್ಣಿನಲ್ಲಿ ನಿಂತಿತು. ಮುಂದಿನ ಗಾಲಿ ಒಡೆದು ಟಾಯರು ಚಿಂದಿಯಾಗಿತ್ತು.

ಇವರು ಇಳಿದು ಓಡಿಹೋಗಿ ಡಿಕ್ಕಿ ತೆಗೆದರು. ತೆಗೆದು ಹಾಗೇ ನಿಂತರು. ನಾನು ಒಳಗಿನಿಂದ ಅವರ ಕೈಗಳನ್ನಷ್ಟೇ ಕಾಣುತ್ತಿದ್ದೆ. ಆ ಕೈಗಳು ಬಹಳ ಹೊತ್ತು ಅಲ್ಲಾಡಲಿಲ್ಲ.

ಬಸ್ಸಿನ ಹೊತ್ತಲ್ಲ. ಲಾರಿಯೂ ಬರಲಿಲ್ಲ. ಬಂದದ್ದು ಒಂದು ಕಬ್ಬಿನ ಚಕ್ಕಡಿ. ಹೊಡೆಯುವವನು ನಡುವಯಸ್ಸಿನವನು. ನಮ್ಮನ್ನು ನೋಡಿ, ಯಾರೂ ಕೇಳುವ ಮೊದಲೇ ಹಗ್ಗ ಬಿಚ್ಚಿ ಕಬ್ಬನ್ನೆಲ್ಲ ರಸ್ತೆಯ ಬದಿಗೆ ಕೆಡವಿದ. ತಳಕ್ಕೆ ಕಬ್ಬಿನ ಒಣ ಎಲೆ, ರವದಿ, ಹಾಸಿದ. ಅದರ ಮೇಲೆ ನಾನು ನನ್ನ ಶಾಲು ಹಾಸಿದೆ. ಇಬ್ಬರೂ ಸೇರಿ ಮಾವನವರನ್ನು ಮಲಗಿಸಿದರು.

ಎತ್ತುಗಳು ತಮ್ಮ ನಡಿಗೆಯಲ್ಲಿ ನಡೆದವು. ಕಾರಿಗೆ ಹದಿನೈದು ನಿಮಿಷದ ದಾರಿ ಕಿತ್ತೂರು; ಅಲ್ಲಿ ಮುಟ್ಟಿದರೆ ಧಾರವಾಡಕ್ಕೆ ಬೇರೆ ಗಾಡಿ ಸಿಗುತ್ತಿತ್ತು, ಆದರೆ ಚಕ್ಕಡಿಗೆ ಅದು ತಾಸುಗಟ್ಟಲೆ ದಾರಿ. ಬಿಸಿಲು ಏರಿತು. ಮಾವನವರ ತುಟಿ ಒಣಗಿ, "ನೀರು," ಎಂದರು. ಚಕ್ಕಡಿಯ ಕೆಳಗೆ ಒಂದು ಮಣ್ಣಿನ ಬಿಂದಿಗೆ ತೂಗುತ್ತಿತ್ತು. ಚಕ್ಕಡಿಯವನು ಅದರ ಕಡೆ ನೋಡಿ, ಮತ್ತೆ ಮಾವನವರ ಜನಿವಾರದ ಕಡೆ ನೋಡಿದ.

"ನಾವು ಊರ ಹೊರಗಿನ ಕೇರಿಯವರ್ರಿ, ಅಕ್ಕಾರ," ಎಂದು ನನಗೆ ಮೆಲ್ಲಗೆ ಹೇಳಿದ. "ಕೊಡಬೇಕೋ ಬ್ಯಾಡೋ ನನಗ ತಿಳಿವಲ್ತು."

ನಾನು ಯಜಮಾನರ ಮುಖ ನೋಡಿದೆ. ಅಷ್ಟರಲ್ಲಿ ಮಾವನವರೇ ಕೈ ಚಾಚಿದರು. "ಕೊಡಪ್ಪಾ," ಎಂದರು. ಅವನು ಬೊಗಸೆಗೆ ಸುರಿದ. ಅವರು ಕುಡಿದರು, ಅರ್ಧ ಗದ್ದದ ಮೇಲೆ ಹರಿಯಿತು. ಇನ್ನೊಮ್ಮೆ ಕೇಳಿ ಕುಡಿದರು. ಆಮೇಲೆ ಅವನ ಹೆಸರು ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು. ಅವನು ಹೇಳುತ್ತಲೇ ಇದ್ದ, ಮಾವನವರ ಕಣ್ಣು ಅವನ ಮೇಲೆಯೇ ಇತ್ತು. ಕಿತ್ತೂರಿನ ಮನೆಗಳು ಕಾಣುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಅವರ ಕೈ ಭಾರವಾಯಿತು. ಅವನು ಎತ್ತು ನಿಲ್ಲಿಸಿ ಕೆಳಗಿಳಿದ, ತಲೆಯ ರುಮಾಲು ತೆಗೆದ.

ಹದಿಮೂರು ದಿನದ ಕರ್ಮಕ್ಕೆ ಬಂದ ನೆಂಟರಲ್ಲಿ ಒಬ್ಬರು ಆ ನೀರಿನ ಸುದ್ದಿ ತೆಗೆದು, ಪ್ರಾಯಶ್ಚಿತ್ತ ಏನಾದರೂ ಇದ್ದೀತೇ ಎಂದರು. "ಅಪ್ಪ ಕೇಳಿ ಕುಡದಾನ," ಎಂದರು ಇವರು. "ಅದಕ್ಕ ಪ್ರಾಯಶ್ಚಿತ್ತ ಮಾಡೂದಿಲ್ಲ. ಮಾಡೂದಿದ್ರ ಬ್ಯಾರೆ ಅದ, ಅದು ನನಗ ಅದ."

ಹತ್ತು ಕೊಡುತ್ತದೆಂದು ಕೇಳಿ ಗುತ್ತಿಗೆದಾರ ಮತ್ತೆ ಬಂದ. ಇವರು ಕಾರು ಕೊಡಲಿಲ್ಲ. ಅವನ ಡೀಸೆಲ್ ಲಾರಿ ಓಡಿಸಲು ಒಪ್ಪಿಕೊಂಡರು. ಕಾರನ್ನು ಹುಬ್ಬಳ್ಳಿಯ ಗುಜರಿಯವರು ಬಿಡಿಬಿಡಿಯಾಗಿ ಬಿಚ್ಚಿಕೊಂಡು ಹೋದರು. ಗುತ್ತಿಗೆದಾರ ಅಂದು ಹೇಳಿದ್ದು ಖರೇನೇ ಆಯಿತು.

ಒಂದು ಮುಂಜಾನೆ ಇವರು ಲಾರಿಗೆ ಹೊರಟಾಗ ನನಗೆ ತಡೆಯಲಾಗಲಿಲ್ಲ. "ಸ್ಟೆಪ್ನಿ ಇಳಸ್ರಿ ಅಂದಾಕಿ ನಾನು," ಎಂದೆ.

ಅವರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. "ಇಳಸಿದಾಂವ ನಾನು. ಗಾಳಿ ತುಂಬಿದಾಂವನೂ ನಾನ," ಎಂದರು. ಇನ್ನೊಂದು ಚಪ್ಪಲಿ ಮೆಟ್ಟಿ, "ನೀ ಅಂದದ್ದೂ ಖರೆ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಬುತ್ತಿ ತೆಗೆದುಕೊಂಡು ಓಣಿಯ ತಿರುವು ದಾಟಿದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.