ಡಾಂಗಲ್‌ಗೆ ಗಂಧ ಹಚ್ಚಿದ್ದು

ಫರೀದಾಬಾದಿನ ನಮ್ಮ ಕಾರ್ಖಾನೆಯ, ಲೋಹ ಕೆತ್ತುವ ಮಿಲ್ಲಿಂಗ್ ಯಂತ್ರವನ್ನು ಕೊಂದವಳು ನಾನು. ಭಕ್ತಿಯಿಂದಲೇ ಕೊಂದೆ. ಅಲ್ಲಿನವರು ಸೆಪ್ಟೆಂಬರಿನಲ್ಲೇ ವಿಶ್ವಕರ್ಮ ಪೂಜೆ ಮಾಡಿ ಮುಗಿಸಿರುತ್ತಾರೆ. ಆಯುಧಪೂಜೆಯೂ ಬೇಕು ಅನ್ನುವವರು ಇಡೀ ಶೆಡ್ಡಿನಲ್ಲಿ ಇಬ್ಬರೇ. ತಯಾರಾದ ಪೀಸುಗಳನ್ನು ಅಳೆದು ನೋಡುವ ನಾನು, ಆ ಯಂತ್ರ ನಡೆಸುವ ಅಣ್ಣ. ಅಣ್ಣ ಕೊಡಗಿನವರು, ಫೌಜಿನ ವರ್ಕ್‌ಶಾಪಿನಿಂದ ನಿವೃತ್ತರಾಗಿ ಬಂದವರು. ಆ ವರ್ಷ ಎಲ್ಲದಕ್ಕೂ ಗಂಧ ಕುಂಕುಮ ಇಟ್ಟಾದ ಮೇಲೆ ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದ ಡಾಂಗಲ್ ಕಣ್ಣಿಗೆ ಬಿತ್ತು. ಹೆಬ್ಬೆರಳುದ್ದದ ಕೀಲಿ ಅದು. ಅದಿದ್ದರೆ ಮಾತ್ರ ಯಂತ್ರದ ಸಾಫ್ಟ್‌ವೇರ್ ತೆರೆಯುತ್ತದೆ. ಇಷ್ಟು ಮುಖ್ಯವಾದದ್ದನ್ನು ಬಿಡುವುದುಂಟೇ ಅಂತ ಕಿತ್ತು, ಅದರ ಬಾಯಿಗೂ ಧಾರಾಳವಾಗಿ ಒದ್ದೆ ಗಂಧ ಹಚ್ಚಿ ವಾಪಸ್ ಸಿಕ್ಕಿಸಿದೆ. ಚಿಟ್ ಅಂತು. ಅಷ್ಟೇ.

ಯಂತ್ರ ಮಾಡಿದ ಕಂಪನಿಗೆ ಫೋನ್ ಮಾಡಿದೆವು. ಆ ಮಾಡೆಲ್ಲಿನ ಡಾಂಗಲ್ ಈಗ ಬರುವುದಿಲ್ಲ, ಕಂಪ್ಯೂಟರಿನ ಮಾತನ್ನು ಯಂತ್ರಕ್ಕೆ ಮುಟ್ಟಿಸುವ ಡ್ರೈವರ್ ಸಾಫ್ಟ್‌ವೇರನ್ನು ಹೊರಗಿನವರಿಗೆ ಕೊಡುವುದಿಲ್ಲ, ಹೊಸ ಯಂತ್ರ ತಗೊಳ್ಳಿ ಅಂದರು. ದೇವರು ಕೊಟ್ಟರೂ ಪೂಜಾರಿ ಕೊಡ. ಮಾಲೀಕರು ಬೇಸರವೇನೂ ಮಾಡಿಕೊಳ್ಳದೆ, “ಚಲೋ, ಕಬಾಡಿಯವನ ಗುಜರಿಗೆ ಹಾಕಿ. ಅಂಕಲ್‌ಗೂ ರೆಸ್ಟ್ ಆಗುತ್ತೆ,” ಅಂದರು. ಅವರ ಅಂಕಲ್, ನಮ್ಮ ಅಣ್ಣ, ಅಲ್ಲೇ ನಿಂತಿದ್ದರು. ಬೈದಿದ್ದರೆ ಅವತ್ತು ನನಗೆ ಊಟವಾದರೂ ಸೇರುತ್ತಿತ್ತು. ಸಂಜೆ ಬಸ್‌ಸ್ಟಾಪಿನಲ್ಲಿ, “ಫೌಜಿನ ಪಿಂಚಣಿ ಇದೆ, ಊಟಕ್ಕೇನೂ ತೊಂದರೆ ಇಲ್ಲ. ಆದರೆ ಮನೇಲಿ ಕೂತ್ರೆ ನಾನು ಆರು ತಿಂಗಳು ಬದುಕಲ್ಲ ತಂಗಿ,” ಅಂದರು, ಇವತ್ತು ಬಸ್ಸು ಲೇಟು ಅನ್ನುವ ದನಿಯಲ್ಲಿ.

ನಮ್ಮ ಯಜಮಾನರು ಕೇಂದ್ರ ಸರ್ಕಾರದ ಗುಮಾಸ್ತರು. ಧರ್ಮ ಓಪನ್ ಸೋರ್ಸ್. ಒಳಗೇನಿದೆ ಅಂತ ತೋರಿಸದ ಸಾಫ್ಟ್‌ವೇರನ್ನು ಅವರು ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಆ ವ್ರತದ ದೆಸೆಯಿಂದ ನಮ್ಮ ಪ್ರಿಂಟರಿಗೆ ಡ್ರೈವರ್ ಸಿಗದೆ ಅದು ನಾಲ್ಕು ವರ್ಷದಿಂದ ಇಸ್ತ್ರಿ ಬಟ್ಟೆ ಹೊತ್ತು ನಿಂತಿದೆ. ಇವರ ಉಪದೇಶ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಈಗ ನಾನೇ ಹೋಗಿ ಕೇಳಬೇಕಾಯಿತು.

“ಯಾರೋ ಪುಣ್ಯಾತ್ಮರು ಒಂದು ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ ಕಣೇ. ಇಂಥ ಯಂತ್ರ ನಡೆಸೋಕೇ ಇರೋದು ಅದು,” ಅಂದರು. “ಆದರೆ ಯಾವ ತಂತಿ ಏನು ಮಾಡುತ್ತೆ, ಯಾವ ಸ್ಕ್ರೂ ಎಷ್ಟು ಸವೆದಿದೆ, ಅದನ್ನ ಗೊತ್ತಿದ್ದವರು ಹೇಳಬೇಕು.”

ಅದೆಲ್ಲ ಇದ್ದದ್ದು ಅಣ್ಣನ ನೋಟ್‌ಬುಕ್ಕಿನಲ್ಲಿ. ಹದಿನೆಂಟು ವರ್ಷ ಬರೆದು, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಮಾಲೀಕರಿಗೂ ತೋರಿಸಿದವರಲ್ಲ. ಅದು ಕೈಬಿಟ್ಟರೆ ಯಾರು ಬೇಕಾದರೂ ಆ ಯಂತ್ರ ನಡೆಸಬಹುದು. ಕೊಡದಿದ್ದರೆ ಯಂತ್ರವೇ ಇರುವುದಿಲ್ಲ. ನಾನು ಕೇಳಿದ ಮೂರನೆಯ ದಿನ ತಂದು ನನ್ನ ಮೇಜಿನ ಮೇಲಿಟ್ಟರು.

ಒಂದೊಂದೇ ಪುಟದ ಫೋಟೋ ಹಿಡಿಯುತ್ತ ಹೋದೆ. ನಡುವೆ ಎರಡು ಹಾಳೆ ಅಂಟಿಕೊಂಡಿದ್ದವು. ಗೋಂದು ಇನ್ನೂ ಹಸಿ. ಅಣ್ಣ ಚಹಾ ಕುಡಿಯುತ್ತ ಗೋಡೆ ನೋಡುತ್ತಿದ್ದರು. ನಾನು ಮುಂದಿನ ಪುಟ ತಿರುಗಿಸಿದೆ.

ಮನೆಯಲ್ಲಿ ಯಜಮಾನರು ಫೋಟೋ ನೋಡಿ ಹಿಡಿದುಬಿಟ್ಟರು. “ನಡುವೆ ಪುಟ ಬಿಟ್ಟಿದೆ. ಅರ್ಧ ಮುಚ್ಚಿಟ್ಟರೆ ಅದನ್ನ ಓಪನ್ ಅನ್ನಲ್ಲ. ತಪ್ಪು.”

“ರೀ, ನಿಮ್ಮದು ಸರ್ಕಾರಿ ಕುರ್ಚಿ. ಅರವತ್ತರ ತನಕ ಯಾರೂ ಎಬ್ಬಿಸಲ್ಲ. ಸುಮ್ಮನಿರಿ.”

ಸುಮ್ಮನಾದರು. ಮದುವೆಯಾದ ಮೇಲೆ ಅದು ಎರಡನೆಯ ಸಲ.

ಅವರೂ ಅಣ್ಣನೂ ಮೂರು ಭಾನುವಾರ ಕೂತರು. ಮೂರನೆಯ ಭಾನುವಾರ ಯಂತ್ರ ತಿರುಗಿತು, ನನಗೆ ಅಳುವೇ ಬಂತು. ಮಾಲೀಕರು ಬಂದು ನೋಡಿ, “ಅಚ್ಛಾ, ಹಾಗಾದರೆ ಈಗ ಯಾರು ಬೇಕಾದರೂ ನಡೆಸಬಹುದು,” ಅಂದರು. ಡಿಸೆಂಬರ್ ಕೊನೆಗೆ ಅಣ್ಣನಿಗೆ ಶಾಲು ಹೊದಿಸಿ ಕಳಿಸಿದರು. ಅರ್ಧ ಸಂಬಳಕ್ಕೆ ಹೊಸಬ ಬಂದ. ನೋಟ್‌ಬುಕ್ ನನ್ನ ಡ್ರಾಯರಿನಲ್ಲೇ ಉಳಿಯಿತು.

ಜನವರಿಯ ಚಳಿ ಹಿಡಿಯಿತು ನೋಡಿ, ಬೆಳಗಿನ ಪೀಸುಗಳೆಲ್ಲ ಕೂದಲೆಳೆಯಷ್ಟು ತಪ್ಪಿ ಬರತೊಡಗಿದವು. ನಾನೇ ಅಳೆದೆ, ನಾನೇ ವಾಪಸ್ ಕಳಿಸಿದೆ. ಅಷ್ಟು ಖುಷಿಯಿಂದ ಇನ್ಯಾವ ಕೆಲಸವನ್ನೂ ಮಾಡಿದ ನೆನಪಿಲ್ಲ. ಮೂರು ವಾರದ ಮೇಲೆ ಮಾಲೀಕರು ಕೇಳಿದರು: “ಆ ನೋಟ್‌ಬುಕ್ಕಿನಲ್ಲಿ ಏನಾದರೂ ಬಿಟ್ಟುಹೋಗಿದೆಯಾ?”

“ಎಲ್ಲಾ ಇದೆ ಸರ್. ಅಂಕಲ್ ಕೈ ಒಂದಿಲ್ಲ,” ಅಂದೆ.

ಮಾರನೆಯ ದಿನವೇ ಅಣ್ಣ ಮಫ್ಲರ್ ಸುತ್ತಿಕೊಂಡು ಬಂದರು. ಒಂದೇ ತಿಂಗಳಿಗೆ ಕೆನ್ನೆ ಒಳಗೆ ಹೋಗಿತ್ತು. ಹೊಸಬನನ್ನು ಬೇರೆ ಯಂತ್ರಕ್ಕೆ ಹಾಕಿದರು. ಪೀಸುಗಳು ಸರಿಯಾದವು.

ಆಮೇಲೂ ನನ್ನ ಕೆಟ್ಟ ಕುತೂಹಲ ಬಿಡಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಆ ಹಾಳೆಗಳನ್ನು ಚಹಾದ ಕೆಟಲಿನ ಹಬೆಗೆ ಹಿಡಿದು ಬಿಡಿಸಿದೆ. ಒಳಗೆ ಅಣ್ಣನ ಗುಂಡನೆಯ ಅಕ್ಷರದಲ್ಲಿ ಒಂದೇ ಸಾಲು ಇತ್ತು. “ಚಳಿ ದಿನ ಬೆಳಗ್ಗೆ ಮೊದಲು ಇಪ್ಪತ್ತು ನಿಮಿಷ ಖಾಲಿ ಓಡಿಸಬೇಕು.” ಮಿಕ್ಕದ್ದೆಲ್ಲ ಬರಿ ಗೆರೆ.

ಹೊಸಬನಿಗೆ ಯಾರಾದರೂ ಚಹಾ ಕುಡಿಯುತ್ತ ಹೇಳಿಬಿಡಬಹುದಾದ ಮಾತು. ಸ್ಟೋರಿಗೆ ಹೋಗಿ ಇದ್ದುದರಲ್ಲಿ ಗಟ್ಟಿ ಗೋಂದು ತಂದು, ಅಂಚು ಸಮೇತ ಹಚ್ಚಿ, ಆರುವ ತನಕ ನೋಟ್‌ಬುಕ್ಕಿನ ಮೇಲೆ ಕೂತಿದ್ದೆ.